ಸಾಲ ಕೊಡದಿದ್ದರೆ ಕಾರಣವನ್ನಾದರೂ ಬರೆದುಕೊಡಲಿ

ಚಾಂಪಿಯನ್ ರೀಫ್ಸ್ ಸೇರಿದಂತೆ ಕೆಜಿಎಫ್‌ನ ಚಿನ್ನದ ಗಣಿಗಳಿಗೆ 2001ರಲ್ಲಿ ಬೀಗ ಬಿತ್ತು. ಅಲ್ಲಿಂದ ಬಂಗಾರಪೇಟೆಯವರೆಗಿನ ಹಳ್ಳಿಗಳಲ್ಲಿ ಬೆಂಗಳೂರಿನ ರೈಲು ಹತ್ತದೆ ಊರಲ್ಲೇ ಉಳಿದವರಿಗೆ ರಾಗಿ, ಟೊಮೆಟೊ, ಹಾಲು ಇವೇ ಆಸರೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಬಿತ್ತನೆಗೆ ಮೊದಲು ಬೇಕಾಗುವುದು ಬೆಳೆಸಾಲ. ಅದು ಮ್ಯಾನೇಜರ್ ತೋರುವ ದಯೆ ಎಂದು ಬಹಳ ರೈತರು ನಂಬಿದ್ದಾರೆ. ಕಾನೂನಿನ ಲೆಕ್ಕ ಬೇರೆ: ಸಾಲ ಮಂಜೂರು ಮಾಡುವುದು ಬ್ಯಾಂಕಿನ ವಿವೇಚನೆ; ಆದರೆ ಅರ್ಜಿಗೆ ಸ್ವೀಕೃತಿ, ನಿರಾಕರಣೆಗೆ ಲಿಖಿತ ಕಾರಣ ಪಡೆಯುವುದು ರೈತನ ಹಕ್ಕು.

ಈ ಹಕ್ಕಿನ ಬೆಲೆ ತಿಳಿಯಬೇಕಾದರೆ ಅಧಿಕಾರಿ ಏನೇನು ನೋಡುತ್ತಾರೆಂಬುದು ಗೊತ್ತಿರಬೇಕು. ಮೊದಲನೆಯದು ಪಹಣಿ: ಒಂಬತ್ತನೇ ಕಾಲಂನಲ್ಲಿ ಯಾರ ಹೆಸರಿದೆ, ಹನ್ನೊಂದರಲ್ಲಿ ಯಾವ ಸಾಲದ ಋಣಭಾರವಿದೆ. ತೀರಿಕೊಂಡ ತಾತನ ಹೆಸರಲ್ಲೇ ಜಮೀನು ಉಳಿದಿದ್ದರೆ, ಪೌತಿ ಖಾತೆಯಾಗುವವರೆಗೆ ಅರ್ಜಿ ಅಲ್ಲೇ ನಿಲ್ಲುವುದುಂಟು. ಎರಡನೆಯದು ರಾಜ್ಯದ ಫ್ರೂಟ್ಸ್ ತಂತ್ರಾಂಶದಲ್ಲಿ ರೈತನಿಗಿರುವ ಗುರುತಿನ ಸಂಖ್ಯೆ (ಎಫ್‌ಐಡಿ) ಮತ್ತು ಹಳೆಯ ಸಾಲಗಳ ಮರುಪಾವತಿ ದಾಖಲಿಸುವ ಸಿಬಿಲ್‌ನಂಥ ಸಂಸ್ಥೆಗಳ ವರದಿ. ಮೂರನೆಯದು ಮೊತ್ತ. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊಗೆ ಇಂದಿರುವ ಬೆಲೆಯಿಂದ ಅದು ತೀರ್ಮಾನವಾಗುವುದಿಲ್ಲ. ಜಿಲ್ಲಾ ಮಟ್ಟದ ತಾಂತ್ರಿಕ ಸಮಿತಿ ಬೆಳೆವಾರು ಗೊತ್ತುಮಾಡಿದ ಸಾಲ ಪ್ರಮಾಣವನ್ನು ಜಮೀನಿನ ವಿಸ್ತೀರ್ಣದಿಂದ ಗುಣಿಸಿ, ಮನೆ ಮತ್ತು ಕೊಯ್ಲೋತ್ತರ ಖರ್ಚಿಗೆ ಶೇ 10, ಕೃಷಿ ಆಸ್ತಿಗಳ ನಿರ್ವಹಣೆಗೆ ಶೇ 20, ಜೊತೆಗೆ ವಿಮಾ ಕಂತು ಸೇರಿಸಿ ಕಿಸಾನ್ ಕ್ರೆಡಿಟ್ ಕಾರ್ಡಿನ ಮಿತಿ ಹಾಕುವುದು ಯೋಜನೆಯ ಕ್ರಮ. ರಿಸರ್ವ್ ಬ್ಯಾಂಕಿನ ಸೂಚನೆಯಂತೆ 2025ರ ಜನವರಿ 1ರಿಂದ 2 ಲಕ್ಷ ರೂಪಾಯಿವರೆಗಿನ ಕೃಷಿ ಸಾಲಕ್ಕೆ ಅಡಮಾನ ಕೇಳುವಂತಿಲ್ಲ.

ಬ್ಯಾಂಕಿನಲ್ಲಿರುವುದು ಠೇವಣಿದಾರರ ಹಣ, ಕಾನೂನು ತೋರಿಸಿ ಸಾಲ ಕೊಡಿಸಲು ಬರುತ್ತದೆಯೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಬರುವುದಿಲ್ಲ. ಬ್ಯಾಂಕಿನ ವಾಣಿಜ್ಯ ತೀರ್ಮಾನದ ಮೇಲಿನ ದೂರನ್ನು ಆರ್‌ಬಿಐ ಓಂಬುಡ್ಸ್‌ಮನ್ ಕೂಡ ವಿಚಾರಣೆಗೆ ತೆಗೆದುಕೊಳ್ಳುವುದಿಲ್ಲ. ಆದ್ದರಿಂದಲೇ ‘ಸಾಲ ಕೊಡಲಿಲ್ಲ’ ಎಂಬ ದೂರು ನಿಲ್ಲದು. ‘ಸ್ವೀಕೃತಿ ಕೊಡಲಿಲ್ಲ, ಕಾರಣ ಬರೆದುಕೊಡಲಿಲ್ಲ, 2 ಲಕ್ಷದೊಳಗಿನ ಸಾಲಕ್ಕೆ ಅಡಮಾನ ಕೇಳಿದರು’ ಎಂಬ ದೂರಿಗೆ ನೆಲೆಯಿದೆ. ಕಾರಣ ಕೈಗೆ ಬಂದರೆ ದಾರಿಯೂ ಕಾಣುತ್ತದೆ. ಪಹಣಿಯ ದೋಷವಾದರೆ ತಾಲ್ಲೂಕು ಕಚೇರಿಗೆ ಹೋಗಬೇಕು. ಸಾಲ ತೀರಿಸಿದ ಮೇಲೂ ಸಿಬಿಲ್‌ನಂಥ ಸಂಸ್ಥೆಯ ವರದಿಯಲ್ಲಿ ಬಾಕಿ ತೋರಿಸುತ್ತಿದ್ದರೆ ತಿದ್ದುಪಡಿ ಕೋರಬೇಕು. ತಿದ್ದುಪಡಿಗೆ 30 ದಿನ ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರಕ್ಕೆ ಅವಕಾಶವಿದೆ. ವರ್ಷಕ್ಕೊಮ್ಮೆ ಆ ವರದಿಯನ್ನು ಉಚಿತವಾಗಿ ಪಡೆಯಬಹುದು. ವಾರಕ್ಕೆ (ಪಾಲಿಗೆ) ಉಳುವವರ ಹೆಸರು ಪಹಣಿಯಲ್ಲಿ ಇಲ್ಲದಿದ್ದರೆ ಜಂಟಿ ಬಾಧ್ಯತಾ ಗುಂಪಿನ ಮೂಲಕ ಸಾಲ ಕೇಳಬಹುದು.

ಬರಹದಲ್ಲಿ ಕೇಳಿದರೆ ಮ್ಯಾನೇಜರ್ ಮುನಿಸಿಕೊಂಡು ಮುಂದೆಯೂ ಸಾಲ ತಪ್ಪೀತು ಎಂಬ ಅಂಜಿಕೆ ಇನ್ನೊಂದು. ಆದರೆ ಸ್ವೀಕೃತಿ ಕೇಳುವುದು ಜಗಳವಲ್ಲ, ರಿಸರ್ವ್ ಬ್ಯಾಂಕೇ ವಿಧಿಸಿದ ಕ್ರಮ. ನಿಯಮದಂತೆ ನಡೆವ ಅಧಿಕಾರಿಗೂ ಲಿಖಿತ ಕಾರಣವೇ ರಕ್ಷೆ. ಬ್ಯಾಂಕಿಗೆ ಬರೆದುಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರಬಹುದು, ಮಾಹಿತಿಗೆ 14448. ಸಕಾಲಕ್ಕೆ ತೀರಿಸುವವರಿಗೆ 3 ಲಕ್ಷದವರೆಗಿನ ಬೆಳೆಸಾಲ ಶೇ 4ರ ಬಡ್ಡಿಗೆ ಸಿಗುವ ಯೋಜನೆಯಿರುವಾಗ, ಬಾಯಿಮಾತಿನ ‘ಆಗಲ್ಲ’ಕ್ಕೆ ತಲೆಯಾಡಿಸಿ ಮೀಟರ್ ಬಡ್ಡಿಯವರ ಬಾಗಿಲಿಗೆ ಹೋಗುವುದು ರೈತ ಕುಟುಂಬಕ್ಕೆ ತೀರಾ ದುಬಾರಿ. ಅರ್ಜಿಯ ಪ್ರತಿಯ ಮೇಲೆ ದಿನಾಂಕ ಮತ್ತು ಮೊಹರು ಹಾಕಿಸಿಕೊಂಡೇ ಶಾಖೆಯಿಂದ ಹೊರಡಿ; ಮುಂದಿನ ಎಲ್ಲ ಹಕ್ಕುಗಳಿಗೂ ಅದೇ ಸಾಕ್ಷಿ.