ಹಳೆಯ ಮೋಟಾರು ಗಾಡಿಯನ್ನು ಕೊಳ್ಳುವ ಮೊದಲು ನೋಡತಕ್ಕ ಪರೀಕ್ಷಾ ದಾಖಲೆಗಳು

ಎತ್ತನ್ನು ಕೊಳ್ಳುವ ರೈತನು ಅದರ ಹಲ್ಲನ್ನು ನೋಡಿ ವಯಸ್ಸನ್ನು ಗೊತ್ತುಮಾಡುವನು. ನಡೆಸಿ ಕಾಲನ್ನು ನೋಡುವನು. ಹೆಗಲಿನ ಮೇಲೆ ಕೈಯಾಡಿಸಿ ಹಳೆಯ ಹುಣ್ಣಿನ ಗುರುತುಂಟೋ ಎಂದು ಪರೀಕ್ಷಿಸುವನು. ಆದರೆ ಹಳೆಯ ಮೋಟಾರು ಗಾಡಿಯನ್ನು ಕೊಳ್ಳುವಾಗ ಹೊಸದಾಗಿ ಬಳಿದ ಬಣ್ಣವನ್ನೂ ಮಾರುವವನ ಮಾತನ್ನೂ ನಂಬಿ ಮುಂಗಡವನ್ನು ಕೊಟ್ಟುಬಿಡುವವರು ಅನೇಕರಿದ್ದಾರೆ. ಒಂದು ವರ್ಷದ ಅಡಿಕೆಯ ಹಣವೆಲ್ಲವೂ ಹೀಗೆ ಒಂದೇ ದಿನದಲ್ಲಿ ಕೈಬಿಟ್ಟುಹೋಗುವ ಸಂಭವವುಂಟು. ಗಾಡಿಗೂ ಹಲ್ಲುಗಳಿವೆ, ಅವು ಅದರ ಪರೀಕ್ಷಾ ದಾಖಲೆಗಳೇ ಆಗಿವೆ.

ದಕ್ಷಿಣ ಕನ್ನಡ ಜಿಲ್ಲೆಯ ಅಡಿಕೆಯು ಮಂಗಳೂರಿನ ಬಂದರು ಪೇಟೆಯ ವರ್ತಕರಿಗೂ, 1973ರಲ್ಲಿ ಸ್ಥಾಪಿತವಾಗಿ ಇದೇ ನಗರದಲ್ಲಿ ಪ್ರಧಾನ ಕಚೇರಿಯನ್ನುಳ್ಳ ಕ್ಯಾಂಪ್ಕೊ ಸಂಸ್ಥೆಗೂ ಮಾರಾಟಕ್ಕೆ ಬರುವುದು. ಫಸಲನ್ನು ಸ್ವಂತ ಗಾಡಿಯಲ್ಲಿ ಸಾಗಿಸಬೇಕೆಂಬ ಅಪೇಕ್ಷೆಯಿಂದ ಹಳೆಯ ಪಿಕಪ್ಪನ್ನಾಗಲಿ ಕಾರನ್ನಾಗಲಿ ಕೊಳ್ಳಲು ನಗರಕ್ಕೆ ಬರುವ ಕೃಷಿಕರು ಈ ಕೆಳಗಿನ ವಿಷಯಗಳನ್ನು ಚೆನ್ನಾಗಿ ತಿಳಿದುಕೊಂಡಿರತಕ್ಕದ್ದು.

ಸಾಗಣೆಯ ಗಾಡಿಗಳ ಎಫ್.ಸಿ.

ಹಳದಿ ಫಲಕದ ಸರಕು ಸಾಗಣೆಯ ಗಾಡಿಗೆ, ಸಾಮಾನ್ಯವಾಗಿ ಎಫ್.ಸಿ. ಎಂದು ಕರೆಯಲ್ಪಡುವ ಕ್ಷಮತಾ ಪತ್ರವು ಅವಶ್ಯಕವು. 1988ರ ಮೋಟಾರು ವಾಹನಗಳ ಕಾಯಿದೆಯ 56ನೆಯ ಪ್ರಕರಣದಂತೆ, ಈ ಪತ್ರವಿಲ್ಲದ ಸಾಗಣೆಯ ಗಾಡಿಯ ನೋಂದಣಿಯೇ ಊರ್ಜಿತವೆನಿಸದು. ಹೊಸ ಗಾಡಿಗೆ ಮೊದಲು 2 ವರ್ಷಗಳ ಅವಧಿಯುಂಟು. ಆ ಬಳಿಕ, 2018ರಲ್ಲಿ ತಿದ್ದುಪಡಿಯಾದ ನಿಯಮದಂತೆ, ಗಾಡಿಗೆ 8 ವರ್ಷ ತುಂಬುವವರೆಗೆ 2 ವರ್ಷಗಳಿಗೊಮ್ಮೆಯೂ, ಅನಂತರ ಪ್ರತಿ ವರ್ಷವೂ ಪರೀಕ್ಷೆ ಮಾಡಿಸಿ ಪತ್ರವನ್ನು ನವೀಕರಿಸತಕ್ಕದ್ದು.

ಕೊಳ್ಳುವವರಲ್ಲಿ ಹೆಚ್ಚಿನವರು ಈಗಿನ ಪತ್ರದ ಕೊನೆಯ ದಿನಾಂಕವನ್ನು ಮಾತ್ರ ನೋಡಿ ತೃಪ್ತರಾಗುವರು. ಇದು ಸಾಲದು. ಹಿಂದಿನ ಪತ್ರಗಳನ್ನೂ ತರಿಸಿಕೊಂಡು, ದಿನಾಂಕಗಳನ್ನು ಒಂದು ಕಾಗದದ ಮೇಲೆ ಕ್ರಮವಾಗಿ ಬರೆದುಕೊಳ್ಳಬೇಕು. ಒಂದು ಪತ್ರದ ಅವಧಿ 2023ರ ಅಕ್ಟೋಬರಿನಲ್ಲಿ ಮುಗಿದು, ಮುಂದಿನ ಪರೀಕ್ಷೆಯು 2024ರ ಜೂನಿನಲ್ಲಿ ನಡೆದಿದ್ದರೆ, ನಡುವಣ ಎಂಟು ತಿಂಗಳು ಗಾಡಿಯು ಎಲ್ಲಿತ್ತೆಂದು ಕೇಳಬೇಕು. ಅಪಘಾತವಾಗಿ ಗ್ಯಾರೇಜಿನಲ್ಲಿ ಬಿದ್ದಿರಬಹುದು, ಕೊಟ್ಟಿಗೆಯಲ್ಲಿ ನಿಂತು ತುಕ್ಕು ಹಿಡಿದಿರಬಹುದು, ಪತ್ರವಿಲ್ಲದೆಯೇ ಓಡಿರಲೂಬಹುದು. ಉತ್ತರಕ್ಕೆ ತಕ್ಕ ರಸೀದಿಗಳನ್ನು ನೋಡದೆ ಸುಮ್ಮನೆ ಒಪ್ಪಲಾಗದು. ಆದರೆ ಎಲ್ಲ ಬಿಡುವೂ ಸಂಶಯಕ್ಕೆ ಕಾರಣವಲ್ಲ. ಕೋವಿಡ್ ಕಾಲದಲ್ಲಿ, 2020ರ ಫೆಬ್ರವರಿ 1ರಿಂದೀಚೆಗೆ ಅವಧಿ ಮುಗಿದ ಪತ್ರಗಳನ್ನು 2021ರ ಅಕ್ಟೋಬರ್ 31ರವರೆಗೆ ಊರ್ಜಿತವೆಂದು ಎಣಿಸಲು ಕೇಂದ್ರ ಸರಕಾರವು ಸೂಚಿಸಿತ್ತು. ಆ ಅವಧಿಯ ವಿಳಂಬವನ್ನು ದೋಷವೆಂದು ತಿಳಿಯಬೇಕಾಗಿಲ್ಲ.

ದೊಡ್ಡ ಅಪಘಾತಕ್ಕೊಳಗಾದ ಗಾಡಿಯನ್ನು ಪರೀಕ್ಷಿಸಲು ಅದೇ ಕಾಯಿದೆಯ 136ನೆಯ ಪ್ರಕರಣದಲ್ಲಿ ಅವಕಾಶವಿದೆ. ಗಾಡಿಯು ಸುಸ್ಥಿತಿಯಲ್ಲಿಲ್ಲವೆಂದು ಕಂಡರೆ ಎಫ್.ಸಿ.ಯನ್ನು ಅವಧಿಗೆ ಮೊದಲೇ ರದ್ದುಪಡಿಸಲೂಬಹುದು. ಇಂತಹ ಪ್ರಸಂಗವು ಎಂದಾದರೂ ಬಂದಿತ್ತೇ ಎಂಬುದನ್ನು ಮಾರುವವನಿಂದ ಬರವಣಿಗೆಯಲ್ಲಿ ಪಡೆಯುವುದು ಉತ್ತಮ.

ಬಿಳಿ ಫಲಕದ ಕಾರುಗಳು

ಸ್ವಂತ ಉಪಯೋಗದ ಕಾರಿನ ಸಂಗತಿಯು ಬೇರೆ. ಇದರ ನೋಂದಣಿಯು 15 ವರ್ಷಗಳವರೆಗೆ ಇರುವುದು. ಆ ಬಳಿಕ ಪರೀಕ್ಷೆಗೆ ಒಪ್ಪಿಸಿ 5 ವರ್ಷಗಳಿಗೊಮ್ಮೆ ನವೀಕರಿಸಬೇಕು. ಕೃಷಿ ಟ್ರಾಕ್ಟರು ಕೂಡ ನಿಯಮದಲ್ಲಿ ಸಾಗಣೆಯ ಗಾಡಿಯೆನಿಸದು. ಎಂದರೆ ಹತ್ತು ವರ್ಷದ ಕಾರು ಕ್ಷಮತಾ ಪರೀಕ್ಷೆಯನ್ನು ಒಮ್ಮೆಯೂ ಕಾಣದೆ ಇರುವುದು ಸಹಜವೇ. "ಎಲ್ಲ ಪರೀಕ್ಷೆಯೂ ಆಗಿದೆ" ಎಂದು ಮಾರುವವನು ತೋರಿಸುವ ಚೀಟಿಯು ಹೆಚ್ಚಾಗಿ ಹೊಗೆ ಪರೀಕ್ಷೆಯದು; ಅದರಿಂದ ಬ್ರೇಕಿನ ಸ್ಥಿತಿಯಾಗಲಿ ಚಾಸಿಯ ಸ್ಥಿತಿಯಾಗಲಿ ತಿಳಿಯದು.

ಇಂತಹ ಕಾರಿಗೆ ಸರ್ವೀಸ್ ಪುಸ್ತಕ ಮತ್ತು ವಿಮಾ ಪತ್ರಗಳೇ ಆಧಾರ. ಪ್ರತಿ ಸರ್ವೀಸಿನಲ್ಲಿ ಬರೆದ ಕಿಲೋಮೀಟರುಗಳು ಏರುತ್ತಲೇ ಹೋಗಬೇಕು. ಒಂದೆಡೆ ಇಳಿದಿದ್ದರೆ ಮೀಟರನ್ನು ತಿರುಗಿಸಿದ ಗುರುತೆಂದು ಶಂಕಿಸಬೇಕು. ಪರಿಹಾರ ಕೇಳದ ಮಾಲೀಕನಿಗೆ ವಿಮಾ ಕಂತಿನಲ್ಲಿ ನೂರಕ್ಕೆ 20ರಿಂದ ತೊಡಗಿ 50ರವರೆಗೆ ರಿಯಾಯಿತಿ ಏರುವುದುಂಟು. ಬಹುಕಾಲ ಒಬ್ಬನ ಕೈಯಲ್ಲೇ ಇದ್ದ ಕಾರಿಗೆ ಈ ರಿಯಾಯಿತಿ ಇಲ್ಲದಿದ್ದರೆ ಕಾರಣವನ್ನು ವಿಚಾರಿಸತಕ್ಕದ್ದು.

ಪತ್ರವೂ ಗಾಡಿಯೂ

ಪರೀಕ್ಷಾ ಪತ್ರವು ಆ ದಿನದ ಸ್ಥಿತಿಯನ್ನು ಮಾತ್ರ ಹೇಳುವುದು. ಇಂಜಿನ್ನನ್ನು ಬಿಚ್ಚಿ ನೋಡಿದ ಸಾಕ್ಷ್ಯವಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ, ಕಡಲಿನ ಉಪ್ಪುಗಾಳಿ ಬೀಸುವ ಮಂಗಳೂರಿನಲ್ಲಿ ಕಬ್ಬಿಣವು ಬೇಗನೆ ಕೆಡುವುದು. ಆದುದರಿಂದ ನಂಬಿಕೆಯ ಮೆಕ್ಯಾನಿಕನೊಡನೆ ಹಗಲಿನಲ್ಲಿ ಗಾಡಿಯ ಅಡಿಭಾಗವನ್ನು ನೋಡಬೇಕು. ಚಾಸಿಯ ಮೇಲೆ ಹೊಸ ಬೆಸುಗೆ ಅಥವಾ ಹೊಸದಾಗಿ ಬಳಿದ ಕಪ್ಪು ಬಣ್ಣವಿದ್ದರೆ, ಅದರ ಕೆಳಗೇನಿದೆಯೆಂದು ಕೆರೆದು ನೋಡಬೇಕು. ನೆಲಹಾಸನ್ನು ಎತ್ತಿ, ಸೀಟಿನ ಪಟ್ಟಿಯನ್ನು ಪೂರ್ತಿ ಎಳೆದು ನೋಡಿದರೆ, ನೆರೆಯಲ್ಲಿ ಮುಳುಗಿದ ಗಾಡಿಯ ಕೆಸರಿನ ಕಲೆಯು ಕಾಣಸಿಕ್ಕುವುದು. ಚಾಸಿ ಮತ್ತು ಇಂಜಿನ್ನಿನ ಅಂಕೆಗಳನ್ನು ಆರ್.ಸಿ.ಯೊಡನೆ ಒಂದೊಂದಾಗಿ ಹೋಲಿಸಬೇಕು.

ಸಾರಿಗೆ ಇಲಾಖೆಯ ದಾಖಲೆ

ಮಾರುವವನ ಕೈಯ ಕಾಗದವನ್ನು ಸರಕಾರದ ದಾಖಲೆಯೊಡನೆ ತಾಳೆನೋಡುವುದು ಈಗ ಕಷ್ಟವಲ್ಲ. ಎಂ-ಪರಿವಾಹನ್ ಎಂಬ ಮೊಬೈಲ್ ಸಾಧನದಲ್ಲಿ ಗಾಡಿಯ ಸಂಖ್ಯೆಯನ್ನು ಕೊಟ್ಟರೆ ಎಫ್.ಸಿ., ವಿಮೆ, ಹೊಗೆ ಪರೀಕ್ಷೆಗಳ ಅವಧಿಯು ತಿಳಿಯುವುದು. ಗಾಡಿಯ ಮೇಲೆ ಸಾಲವಿದೆಯೇ ಎಂಬುದನ್ನೂ ನೋಡಬೇಕು. ಸಾಲ ತೀರಿದ್ದರೆ 35ನೆಯ ನಮೂನೆಯಲ್ಲಿ ಸಾಲ ಕೊಟ್ಟವರ ಸಹಿಯಿರತಕ್ಕದ್ದು. ಮಂಗಳೂರಿನ ಗಾಡಿಗಳಿಗೆ ಕೆಎ-19 ಎಂಬ ಗುರುತುಂಟು. ಗಡಿಯಾಚೆಯ ಕಾಸರಗೋಡಿನ ಕೆಎಲ್-14 ಗುರುತಿನ ಗಾಡಿಯಾದರೆ, ಅಲ್ಲಿಯ ಕಚೇರಿಯಿಂದ 28ನೆಯ ನಮೂನೆಯ ನಿರಾಕ್ಷೇಪಣಾ ಪತ್ರವನ್ನು ಪಡೆಯಬೇಕು. ಕರ್ನಾಟಕದಲ್ಲಿ ತೆರಬೇಕಾದ ತೆರಿಗೆಯನ್ನೂ ಬೆಲೆಗೆ ಸೇರಿಸಿ ಲೆಕ್ಕಹಾಕಬೇಕು.

ಹಳೆಯ ಗಾಡಿಗಳ ವ್ಯಾಪಾರಿಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಂತೆ ಸಾರಿಗೆ ಇಲಾಖೆಯ ಅಧಿಕಾರ ಪತ್ರವನ್ನು ಪಡೆದಿರತಕ್ಕದ್ದು. ಅದನ್ನು ಕೇಳಿ ನೋಡುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ಹೆಸರಿನ ವರ್ಗಾವಣೆ

ಎಲ್ಲವೂ ಸರಿಯಾಗಿದ್ದು ಗಾಡಿಯನ್ನು ಕೊಂಡ ಮೇಲೆ, 29 ಮತ್ತು 30ನೆಯ ನಮೂನೆಗಳ ಮೂಲಕ ಹೆಸರನ್ನು ಬದಲಾಯಿಸಿಕೊಳ್ಳಬೇಕು. ಕೊಂಡವನಿಗೆ ಕಾಯಿದೆಯು ಕೊಟ್ಟ ಅವಧಿ 30 ದಿನಗಳು. ಕಾರೊಂದು ಕೈಯಿಂದ ಕೈಗೆ ಮಾರಾಟವಾಗಿ, ಹೆಸರು ಮಾತ್ರ ಬದಲಾಗದೆ ಉಳಿದಿದ್ದ ಮೊಕದ್ದಮೆಯಲ್ಲಿ, ಅಪಘಾತದ ಪರಿಹಾರಕ್ಕೆ ದಾಖಲೆಯಲ್ಲಿರುವ ಮಾಲೀಕನೇ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿಯಲ್ಲಿ ತೀರ್ಮಾನಿಸಿತು. ಆದುದರಿಂದ ಹಳೆಯ ಗಾಡಿಯನ್ನು ಮಾರುವ ರೈತನಿಗೂ ಈ ಕೆಲಸವು ಅಷ್ಟೇ ಮುಖ್ಯವು.

ದಾಖಲೆ, ಗಾಡಿ, ಮಾರುವವನ ಮಾತು, ಈ ಮೂರೂ ಒಂದಕ್ಕೊಂದು ಹೊಂದಿದ ಮೇಲೆಯೇ ಮುಂಗಡವನ್ನು ಕೊಡತಕ್ಕದ್ದು. "ಇಂದೇ ಕೊಡದಿದ್ದರೆ ನಾಳೆ ಬೇರೆಯವರಿಗೆ ಹೋಗುವುದು" ಎಂದು ಅವಸರಪಡಿಸಿದರೆ ಆ ಗಾಡಿಯನ್ನು ಬೇರೆಯವರಿಗೇ ಬಿಡುವುದು ಲೇಸು. ಒಂದು ದಿನ ತಡೆದು ಪತ್ರಗಳನ್ನು ನೋಡುವುದರಿಂದ ಆಗುವ ನಷ್ಟವು ಬಸ್ಸಿನ ಖರ್ಚು ಮಾತ್ರ. ನೋಡದೆ ಕೊಳ್ಳುವುದರಿಂದ ಒಂದು ಫಸಲೇ ಹೋಗಬಹುದು. ಬ್ರೇಕು ಕೆಟ್ಟ ಗಾಡಿಯಾದರೆ ಹೋಗುವುದು ಫಸಲು ಮಾತ್ರವಲ್ಲವೆಂಬುದನ್ನೂ ಮರೆಯಬಾರದು.