ಅಂಗಳದಲ್ಲಿ ಆಸ್ಪತ್ರೆ, ಪರವೂರಲ್ಲಿ ಪಂದ್ಯ

ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ನಾನು ಸಿವಿಲ್ ಎಂಜಿನಿಯರಿಂಗ್ ಎಂ.ಎಸ್. ಓದುತ್ತಿದ್ದ ಕಾಲ. ಬ್ಯಾಟನ್ ರೂಜ್ ಊರಿನ ಜನ ಅದನ್ನು ಎಲ್‌ಎಸ್‌ಯು ಅಂತಲೇ ಕರೆಯುವುದು. ಸೆಪ್ಟೆಂಬರ್ ಬಂತೆಂದರೆ ಅಲ್ಲಿ ಶನಿವಾರ ರಾತ್ರಿ ಅಮೆರಿಕನ್ ಫುಟ್‌ಬಾಲಿಗೆ ಮೀಸಲು. ಸಿದ್ಧಾರೂಢರ ತೇರಿಗೆ ಹುಬ್ಬಳ್ಳಿ ತುಂಬಿಕೊಳ್ಳುವ ಹಾಗೆ ಇಡೀ ಊರು ಟೈಗರ್ ಸ್ಟೇಡಿಯಂ ಸುತ್ತ ಬಂದು ಸೇರುತ್ತಿತ್ತು. ಒಳಗೆ 90 ಸಾವಿರಕ್ಕೂ ಹೆಚ್ಚು ಜನ. ಹೊರಗೆ ಬೆಳಿಗ್ಗೆಯಿಂದಲೇ ಗ್ಯಾಸ್ ಒಲೆ ಹೂಡಿ, ಆಳೆತ್ತರದ ಸೌಟು ಹಿಡಿದು ಜಂಬಲಾಯಾ ಎಂಬ ಅನ್ನ ಬೇಯಿಸುವವರ ಗುಂಪುಗಳು. ಗುರುತು ಪರಿಚಯ ಕೇಳದೆ ತಟ್ಟೆ ತುಂಬಿಸಿ ಕೊಡುತ್ತಿದ್ದರು.

2005ರಲ್ಲಿ ಆ ಕಾತರ ಇನ್ನೂ ಹೆಚ್ಚಿತ್ತು. 2004ರ ಜನವರಿಯಲ್ಲಿ ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್‌ನಲ್ಲಿ ಒಕ್ಲಹೋಮಾವನ್ನು 21-14ರಿಂದ ಸೋಲಿಸಿ ತಂಡ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತ್ತು. ಗೆಲ್ಲಿಸಿದ ಕೋಚ್ ನಿಕ್ ಸೇಬನ್ ಈಗ ಬೇರೆಡೆ ಹೋಗಿ, ಲೆಸ್ ಮೈಲ್ಸ್ ಬಂದಿದ್ದರು. ಸೆಪ್ಟೆಂಬರ್ 3ಕ್ಕೆ ಮೊದಲ ಪಂದ್ಯ, 10ಕ್ಕೆ ಅರಿಜೋನಾ ಸ್ಟೇಟ್ ಜೊತೆ ಎರಡನೆಯದು.

ಆಗಸ್ಟ್ 29ರ ಸೋಮವಾರ ಕತ್ರಿನಾ ಚಂಡಮಾರುತ ದಡ ಮುಟ್ಟಿತು. ನ್ಯೂ ಆರ್ಲಿಯನ್ಸ್‌ನಿಂದ ಸುಮಾರು 130 ಕಿ.ಮೀ. ದೂರದಲ್ಲಿದ್ದ ನಮಗೆ ಮರಗಳು ಬಿದ್ದು ಕರೆಂಟ್ ಹೋದದ್ದಷ್ಟೇ. ಧಾರವಾಡದಿಂದ ಅವ್ವನ ಫೋನ್ ಹೇಗೋ ಸಿಕ್ಕಿತು. "ಮೊನ್ನೆ ಮುಂಬೈದಾಗ ಹಂಗಾತು, ಈಗ ನಿಮ್ಮ ಊರಾಗ ಏನಪಾ ಇದು?" ಅಂದಳು. ಜುಲೈ 26ರ ಮುಂಬೈ ಮಳೆಯಲ್ಲಿ ನನ್ನ ಸೋದರಮಾವ ಇಡೀ ರಾತ್ರಿ ಆಫೀಸಿನಲ್ಲೇ ಕಳೆದಿದ್ದರು.

ಅಷ್ಟರಲ್ಲಿ ನ್ಯೂ ಆರ್ಲಿಯನ್ಸ್‌ನ ಕಾಲುವೆಗಳ ತಡೆಗೋಡೆಗಳು ಒಡೆದಿದ್ದವು. ನಗರದ ನೂರಕ್ಕೆ ಎಂಬತ್ತು ಭಾಗ ಮುಳುಗಿತು. 17ನೇ ಬೀದಿಯ ಕಾಲುವೆಯ ಗೋಡೆ, ನೀರು ಅದರ ತಲೆಯ ಮೇಲಿಂದ ಹರಿಯುವ ಮೊದಲೇ ಬುಡ ಸಡಿಲಿ ಕುಸಿದಿತ್ತು. ವಿನ್ಯಾಸದಲ್ಲೇ ದೋಷವಿತ್ತೆಂದು ಅದನ್ನು ಕಟ್ಟಿದ ಸೇನಾ ಎಂಜಿನಿಯರುಗಳ ವಿಭಾಗ ಮರುವರ್ಷ ಒಪ್ಪಿಕೊಂಡಿತು. ಸತ್ತವರ ಸಂಖ್ಯೆ 1,800 ಮೀರಿತ್ತೆಂದು ಬಹುಕಾಲ ಹೇಳುತ್ತಿದ್ದರು. 2023ರಲ್ಲಿ ಅದನ್ನು 1,392ಕ್ಕೆ ಪರಿಷ್ಕರಿಸಿದ್ದಾರೆ. ಯಾವ ಲೆಕ್ಕ ಹಿಡಿದರೂ, ಅದರಲ್ಲಿ ಬಹುಪಾಲು ಸಾವನ್ನು ಗಾಳಿಯ ಮೇಲೆ ಹೊರಿಸಲು ನನ್ನ ಓದು ನನ್ನನ್ನು ಬಿಡುವುದಿಲ್ಲ.

ಸ್ಟೇಡಿಯಂ ಎದುರಿಗಿದ್ದ ನಮ್ಮ ಬಾಸ್ಕೆಟ್‌ಬಾಲ್ ಅಂಗಳ, ಪೀಟ್ ಮರಾವಿಚ್ ಸಭಾಂಗಣ, ರಾತ್ರಿ ಬೆಳಗಾಗುವುದರೊಳಗೆ 800 ಹಾಸಿಗೆಗಳ ಆಸ್ಪತ್ರೆಯಾಯಿತು. ಪಕ್ಕದ ಓಟದ ಟ್ರ್ಯಾಕಿನ ಮೇಲೆ ಹೆಲಿಕಾಪ್ಟರುಗಳು ಒಂದರ ಹಿಂದೊಂದು ಇಳಿಯುತ್ತಿದ್ದವು. ಜನರು ಬಿಟ್ಟುಬಂದ ನಾಯಿ ಬೆಕ್ಕುಗಳಿಗೆ ಜಾನುವಾರು ಪ್ರದರ್ಶನದ ಪಾರ್ಕರ್ ಕೊಲಿಸಿಯಂ ಆಸರೆಯಾಯಿತು. ವಿದ್ಯಾರ್ಥಿಗಳು ಸಾಲುಗಟ್ಟಿ ಬಂದರು. ನನಗೆ ಸಿಕ್ಕಿದ್ದು ಗಾಲಿಕುರ್ಚಿ ತಳ್ಳುವ, ಹೆಸರು ಬರೆದುಕೊಳ್ಳುವ ಕೆಲಸ. ಹೊರಗೆ ಊಟ ಬಡಿಸುತ್ತಿದ್ದವರನ್ನು ನೋಡಿದರೆ ಅದೇ ಒಲೆ, ಅದೇ ಕೊಪ್ಪರಿಗೆ, ಅದೇ ಸೌಟು. ಸಾವಿರ ಜನಕ್ಕೆ ಬಯಲಿನಲ್ಲಿ ಅಡುಗೆ ಮಾಡುವುದು ಹೇಗೆಂದು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಶನಿವಾರದ ಸಂಭ್ರಮ ಅವರಿಗೆ ವರ್ಷಗಟ್ಟಲೆ ಅದನ್ನೇ ಕಲಿಸಿತ್ತು.

ಅಲ್ಲಿ ಒಬ್ಬ ವೃದ್ಧರು ಸಿಕ್ಕರು. ನ್ಯೂ ಆರ್ಲಿಯನ್ಸ್‌ನ ಲೋಯರ್ ನೈನ್ತ್ ವಾರ್ಡಿನವರು, ಮನೆಯ ಮಾಡಿನ ಮೇಲೆ ಕೂತು ಬದುಕಿ ಬಂದವರು. ಹೆಂಡತಿಯನ್ನು ಬೇರೊಂದು ಹೆಲಿಕಾಪ್ಟರಿನವರು ಎತ್ತಿಕೊಂಡು ಹೋಗಿದ್ದರು, ಎಲ್ಲಿಗೆಂದು ತಿಳಿದಿರಲಿಲ್ಲ. ಹೆಸರು, ವಯಸ್ಸು, ಔಷಧಿಗಳನ್ನು ಬರೆದುಕೊಂಡು ಏಳುವಾಗ ಕೈ ಹಿಡಿದು ಕೇಳಿದರು: "ಶನಿವಾರ ಆಟ ಇದೆಯೇನು, ಬೇಬಿ?" ಆ ಊರಿನವರಿಗೆ ಎದುರಿಗಿರುವವರೆಲ್ಲ ಬೇಬಿಯೇ. ಮುಂದೂಡಿದ್ದಾರೆ ಎಂದೆ. ಅವರ ಮುಖದಲ್ಲಿ ನಿಜವಾದ ನಿರಾಸೆ ಕಂಡಿತು. ಆಮೇಲೆ ನಮ್ಮ ತಂಡದ ಕ್ವಾರ್ಟರ್‌ಬ್ಯಾಕ್ ಜಮಾರ್ಕಸ್ ರಸೆಲ್‌ನ ತೋಳಿನ ಬಲ ಎಂಥದ್ದು, ಆದರೂ ಅವನು ಎಲ್ಲಿ ಆತುರಪಡುತ್ತಾನೆ ಎಂದು ಬಹಳ ಹೊತ್ತು ವಿವರಿಸಿದರು. ನಡುವೆ ಒಮ್ಮೆ ಹೆಂಡತಿಯ ಹೆಸರು ಹೇಳಿ ಸುಮ್ಮನಾದರು. ಮತ್ತೆ ರಸೆಲ್ ಬಗ್ಗೆಯೇ ಮಾತು.

ನನ್ನ ರೂಮಿನಲ್ಲಿದ್ದ ಶಿವಮೊಗ್ಗದ ಗೆಳೆಯ ಆಡುವುದೇ ತಪ್ಪು ಎನ್ನುತ್ತಿದ್ದ. "ಸೂತಕದ ಮನೆ ಮುಂದೆ ವಾಲಗ ಊದಿಸ್ತಾರೇನೋ?" ಎಂದು ಕೇಳಿದ. ಅವನ ಮಾತು ತೆಗೆದುಹಾಕುವಂಥದ್ದಲ್ಲ. ಹೆಲಿಕಾಪ್ಟರ್ ಇಳಿಯುವ ಜಾಗದ ಪಕ್ಕದಲ್ಲಿ, ಹೋಟೆಲುಗಳಲ್ಲೆಲ್ಲ ಮನೆ ಕಳೆದುಕೊಂಡವರು ತುಂಬಿದ್ದಾಗ, ಪೊಲೀಸರು ನಿದ್ದೆಗೆಟ್ಟಿದ್ದಾಗ ಅಲ್ಲಿ ಪಂದ್ಯ ನಡೆಸಿದ್ದರೆ ನಾನೇ ವಿರೋಧಿಸುತ್ತಿದ್ದೆ. ಅರಿಜೋನಾ ಸ್ಟೇಟ್ ಜೊತೆಗಿನ ಎರಡನೆಯ ಪಂದ್ಯವನ್ನು ನಮ್ಮಲ್ಲಿಂದ ಅರಿಜೋನಾದ ಟೆಂಪಿಗೆ ಸಾಗಿಸಿದ್ದು ಸರಿಯಾದ ತೀರ್ಮಾನ. ಆದರೆ ಸೂತಕದಲ್ಲಿರುವವರೇ ಆಟದ ದಿನ ಎಣಿಸುತ್ತಿರುವುದನ್ನು ನಾನು ಹಾಸಿಗೆಯಿಂದ ಹಾಸಿಗೆಗೆ ಕೇಳಿಸಿಕೊಂಡಿದ್ದೆ. ಅವರ ದುಃಖ ಹೀಗೇ ಇರಬೇಕೆಂದು ಹೇಳಲು ಮನೆ ಒಣಗಿದ್ದ ನಾವು ಯಾರು?

ನನ್ನನ್ನು ಹೆಚ್ಚು ಕಾಡಿದ್ದು ಆಟಗಾರರ ಪಾಡು. ರಸೆಲ್‌ನ ಅಪಾರ್ಟ್‌ಮೆಂಟಿನಲ್ಲಿ ನೆಲೆ ಕಳೆದುಕೊಂಡವರು ಕಿಕ್ಕಿರಿದಿದ್ದರು. ಲೋಯರ್ ನೈನ್ತ್ ವಾರ್ಡಿನ ಮನೆಯಿಂದ ಪಾರಾಗಿ ಬಂದಿದ್ದ ಹಾಡುಗಾರ ಫ್ಯಾಟ್ಸ್ ಡಾಮಿನೊ ಕೂಡ ಅವರಲ್ಲೊಬ್ಬರು. ಅವರು ಸತ್ತೇಹೋದರೆಂದು ಸುದ್ದಿ ಹಬ್ಬಿತ್ತು. ಇಂಥ ಸ್ಥಿತಿಯಲ್ಲಿರುವ ಇಪ್ಪತ್ತರ ಹುಡುಗರಿಗೆ ಟಿವಿಯವರು "ಇಡೀ ರಾಜ್ಯಕ್ಕಾಗಿ ಆಡುತ್ತಿದ್ದೀರಿ" ಎಂದು ದಿನಾ ನೆನಪಿಸುತ್ತಿದ್ದರು. ನ್ಯೂ ಆರ್ಲಿಯನ್ಸ್‌ನ ಟುಲೇನ್ ತಂಡದ ಕಥೆ ಇನ್ನೂ ಕಠಿಣ. ಅವರ ವಿಶ್ವವಿದ್ಯಾಲಯವೇ ಆ ಋತುವಿಡೀ ಬಾಗಿಲು ಹಾಕಿತು. ಅವರು 11 ಪಂದ್ಯಗಳನ್ನು 11 ಬೇರೆ ಬೇರೆ ಕ್ರೀಡಾಂಗಣಗಳಲ್ಲಿ ಆಡಿ ಎರಡನ್ನಷ್ಟೇ ಗೆದ್ದರು. ನೋಡುವವರಿಗೆ ಆಟ ಬೇಕು ಎಂಬುದು ಒಂದು ಮಾತು. ನಮ್ಮ ಸಂಕಟವನ್ನು ಆಡುವವರ ಹೆಗಲಿಗೆ ಏರಿಸುವುದು ಬೇರೆಯೇ ಮಾತು, ಅದು ನನಗೆ ಇಂದಿಗೂ ಒಪ್ಪಿಗೆಯಿಲ್ಲ.

ಸೆಪ್ಟೆಂಬರ್ 10ರ ರಾತ್ರಿ ನಮ್ಮ ಪುಟ್ಟ ಟಿವಿಯ ಮುಂದೆ ನೆಲದ ಮೇಲೆಲ್ಲ ಜನ. ಕೊನೆಯ ಕ್ವಾರ್ಟರ್ ಶುರುವಾದಾಗ ನಾವು 7-17ರಿಂದ ಹಿಂದಿದ್ದೆವು. ಆಮೇಲೆ ನಮ್ಮವರು ತಡೆದ ಎರಡು ಕಿಕ್‌ಗಳು ಟಚ್‌ಡೌನ್ ಆದವು. ಕೊನೆಗೆ ಇನ್ನೊಂದೇ ಯತ್ನ ಉಳಿದು, ಹತ್ತು ಗಜ ಬೇಕಿದ್ದಾಗ ರಸೆಲ್ ಎಸೆದ ಚೆಂಡನ್ನು ಅರ್ಲಿ ಡೂಸೆಟ್ ಮೂಲೆಯಲ್ಲಿ ಹಿಡಿದ. 35-31. ಶಿವಮೊಗ್ಗದ ಗೆಳೆಯನೂ ಎದ್ದು ಕುಣಿದ. ಅರಿಜೋನಾ ಸ್ಟೇಟ್‌ನವರು ಪಂದ್ಯದ ಆದಾಯವನ್ನು ಸಂತ್ರಸ್ತರಿಗೆ ಕೊಟ್ಟರು.

ಎರಡು ವಾರದಲ್ಲಿ ರೀಟಾ ಎಂಬ ಇನ್ನೊಂದು ಚಂಡಮಾರುತ ಬಂತು. ಟೆನೆಸಿ ಜೊತೆಗಿನ ಪಂದ್ಯ ಶನಿವಾರದಿಂದ ಸೋಮವಾರಕ್ಕೆ ಜರುಗಿತು. ಕೊನೆಗೂ ನಮ್ಮ ಅಂಗಳದಲ್ಲಿ ಆಟ. ಅರ್ಧ ಆಟಕ್ಕೆ 21-0 ಮುಂದಿದ್ದ ನಮ್ಮವರು ಹೆಚ್ಚುವರಿ ಅವಧಿಯಲ್ಲಿ 27-30ರಿಂದ ಸೋತರು. ಅದೂ ನಮ್ಮಲ್ಲೇ ಮೊದಲು ಇದ್ದ ಕ್ವಾರ್ಟರ್‌ಬ್ಯಾಕ್ ರಿಕ್ ಕ್ಲಾಸನ್ ಕೈಯಲ್ಲಿ. ಹೊರಗೆ ಬರುವಾಗ ಜನ ಕೋಚ್‌ನನ್ನು, ರಕ್ಷಣಾ ಸಾಲನ್ನು, ರಸೆಲ್‌ನನ್ನು ಮನಸಾರೆ ಬೈಯುತ್ತಿದ್ದರು. ರಾಜ್ಯ, ಧೈರ್ಯ, ಚೇತರಿಕೆ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ಆ ಹುಡುಗರು ಅಂದು ಬರೀ ಒಂದು ಪಂದ್ಯ ಸೋತಿದ್ದರು, ನನಗೆ ಸಮಾಧಾನವಾಯಿತು.