ಮರದ ಮಾರುತ

ದೊಡ್ಡವರ ಲೋಕವನ್ನು ಚಿಕ್ಕದಾಗಿ ಮಾಡಿಕೊಂಡು ಆಡುವುದು ಮಕ್ಕಳಿಗೆ ಸಹಜವಾದ ಬಯಕೆ. ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹುಳಿಯಾರಿನಲ್ಲಿ ಈ ಬಯಕೆಗೆ ಬೇಕಾದ ಸಾಮಗ್ರಿಯನ್ನು ತೆಂಗಿನ ತೋಟವೇ ಒದಗಿಸುತ್ತದೆ. ಗರಿಯನ್ನು ಸುತ್ತಿದರೆ ಪೀಪಿ. ಎರಡು ಚಿಪ್ಪುಗಳಿಗೆ ದಾರ ಕಟ್ಟಿದರೆ ತಕ್ಕಡಿ. ಇವು ಆಟಿಕೆಗಳು. ನೋಡಿದರೆ ತಕ್ಕಡಿಯಂತೆ ತೋರಿದರೆ ಸಾಕು, ಅದರ ಅಳತೆಯನ್ನು ಯಾರೂ ಕೇಳುವುದಿಲ್ಲ. ಪ್ರತಿಕೃತಿಯೆಂಬುದು ಹಾಗಲ್ಲ. ಮೂಲವಸ್ತುವಿನ ಪ್ರತಿಯೊಂದು ಅಳತೆಯನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿ ಮಾಡಿದ ರೂಪವೇ ಪ್ರತಿಕೃತಿ. ಈ ಭೇದ ನನಗೆ ಚೆನ್ನಾಗಿ ಮನದಟ್ಟಾದುದು ಹುಳಿಯಾರಿನಲ್ಲಿರುವ ನನ್ನ ಅಕ್ಕನ ಮಗನಿಂದ.

ಒಂದು ಬೇಸಿಗೆಯ ರಜೆಯಲ್ಲಿ ಅಕ್ಕನ ಮನೆಗೆ ಹೊರಟಾಗ ಅವನಿಗಾಗಿ ಪರದೇಶದ ಜೆಟ್ ಯುದ್ಧವಿಮಾನವೊಂದರ ಬಿಡಿಭಾಗಗಳ ಪೆಟ್ಟಿಗೆಯನ್ನು ಕೊಂಡೊಯ್ದಿದ್ದೆ. ಗೊನೆಯಲ್ಲಿ ಕಾಯಿಗಳಿರುವಂತೆ ಪ್ಲಾಸ್ಟಿಕ್ ಕಡ್ಡಿಗಳಿಗೆ ಅಂಟಿಕೊಂಡ ರೆಕ್ಕೆ, ಬಾಲ, ಚಕ್ರಗಳು ಅದರಲ್ಲಿದ್ದವು. ಹುಡುಗ ಅವನ್ನು ಒಂದೇ ಸಂಜೆಯಲ್ಲಿ ಮುರಿದು ತೆಗೆದು, ಅಂಟಿಸಿ, ಅಂಟು ಒಣಗುವ ಮೊದಲೇ ಬಣ್ಣವನ್ನೂ ಬಳಿದುಬಿಟ್ಟ. ಬೆಳಗಾದಾಗ ನೋಡಿದರೆ ಒಂದು ರೆಕ್ಕೆ ಜೋತುಬಿದ್ದಿತ್ತು. ಚಾಲಕನ ಗಾಜಿನ ಮುಚ್ಚಿಗೆಯ ಮೇಲೆ ಬೆರಳಿನ ಗುರುತು ಮೂಡಿತ್ತು. ಹುಡುಗನ ಮುಖ ಬಾಡಿತು.

ಜಗಲಿಯಲ್ಲಿ ಕುಳಿತಿದ್ದ ಅವನ ತಾತ ನಕ್ಕು ಹೇಳಿದರು: “ಅಟ್ಟದ ಮೇಲೆ ಹಾಕಿದ ಕಾಯಿ ಹತ್ತು ಹನ್ನೆರಡು ತಿಂಗಳು ಹಾಗೆಯೇ ಇರಬೇಕಪ್ಪ. ಆಗ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ನಡುವೆ ಒಡೆದು ನೋಡಿದವನಿಗೆ ಎಳನೀರೂ ಇಲ್ಲ, ಕೊಬ್ಬರಿಯೂ ಇಲ್ಲ.”

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾವ, ನಮ್ಮ ದೇಶದಲ್ಲಿಯೇ ಮಾಡಿದ ಯುದ್ಧವಿಮಾನ ಇಲ್ಲವೆ? ಅದನ್ನು ನಿಧಾನವಾಗಿ ಮಾಡೋಣ” ಎಂದ.

ಇಲ್ಲದೆ ಏನು? ಅದು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿಯೇ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಸ್ಥಾಪಿಸಿದ ವಿಮಾನ ಕಾರ್ಖಾನೆಗೆ 1956ರಲ್ಲಿ ಜರ್ಮನಿಯ ಪ್ರಸಿದ್ಧ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಬಂದರು. ಭಾರತೀಯ ಎಂಜಿನಿಯರುಗಳೊಡನೆ ಅವರು ರೂಪಿಸಿದ ಜೆಟ್ ಯುದ್ಧವಿಮಾನವೇ ಎಚ್.ಎಫ್. 24. ಗಾಳಿಯ ದೇವತೆಗಳ ಹೆಸರಿನಿಂದ ಅದಕ್ಕೆ ‘ಮಾರುತ’ ಎಂದು ನಾಮಕರಣವಾಯಿತು.

ಮಾರುತವೂ ಮೊದಲು ಮರದಲ್ಲಿಯೇ ರೂಪುಗೊಂಡಿತೆಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಲೋಹದ ವಿಮಾನವನ್ನು ಹಾರಿಸುವ ಮುನ್ನ, ಅದರಷ್ಟೇ ಅಳತೆಯ, ಎಂಜಿನ್ ಇಲ್ಲದ ಮರದ ತೇಲುವಿಮಾನವೊಂದನ್ನು ಕಟ್ಟಿದರು. 1959ರಿಂದ ಅದನ್ನು ಡಕೋಟ ವಿಮಾನದ ಹಿಂದೆ ಕಟ್ಟಿ ಎಳೆದೊಯ್ದು, ಆಕಾಶದಲ್ಲಿ ಬಿಟ್ಟು ಪರೀಕ್ಷಿಸಿದರು. ಒಂದಲ್ಲ, ಎರಡಲ್ಲ, 78 ಬಾರಿ ಅದು ಹಾರಿತು. ಆ ಬಳಿಕ 1961ರ ಜೂನ್ 17ರಂದು ಸುರಂಜನ್ ದಾಸ್ ಅವರು ಲೋಹದ ಮಾರುತವನ್ನು ಮೊದಲ ಬಾರಿಗೆ ಬಾನಿಗೇರಿಸಿದರು.

ನಾವು 1:72ರ ಪ್ರಮಾಣವನ್ನು ಆರಿಸಿಕೊಂಡೆವು. ಮೂಲದ ಆರು ಅಡಿ ಪ್ರತಿಕೃತಿಯಲ್ಲಿ ಒಂದು ಅಂಗುಲವಾಗುವುದು ಈ ಪ್ರಮಾಣದ ಅನುಕೂಲ. 1942ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಅಮೆರಿಕದ ನೌಕಾಪಡೆಯು ಶತ್ರು ವಿಮಾನ ಯಾವುದು, ಮಿತ್ರ ವಿಮಾನ ಯಾವುದು ಎಂಬುದನ್ನು ಗುರುತಿಸಲು ಸೈನಿಕರಿಗೆ ಕಲಿಸುವುದಕ್ಕಾಗಿ ಶಾಲಾಮಕ್ಕಳಿಂದ ಲಕ್ಷಗಟ್ಟಲೆ ಪ್ರತಿಕೃತಿಗಳನ್ನು ಇದೇ ಪ್ರಮಾಣದಲ್ಲಿ ಮಾಡಿಸಿತ್ತು. ಇಂಥ ಪ್ರತಿಕೃತಿಯನ್ನು 10 ಮೀಟರ್ ದೂರದಲ್ಲಿ ಹಿಡಿದರೆ, ನಿಜವಾದ ವಿಮಾನ 720 ಮೀಟರ್ ದೂರದಲ್ಲಿ ಎಷ್ಟು ಕಾಣುವುದೋ ಅಷ್ಟೇ ಕಾಣುತ್ತದೆ. ಅಳತೆ ಸರಿಯಾಗಿದ್ದರೆ ಆಟಿಕೆಯಂಥ ವಸ್ತುವೂ ಪ್ರಾಣವನ್ನು ಉಳಿಸಬಲ್ಲದು.

ಮಾರುತದ ಉದ್ದ 15.87 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್, ಎತ್ತರ 3.6 ಮೀಟರ್. ಹುಡುಗ ಇವನ್ನು 72ರಿಂದ ಭಾಗಿಸಿದ. ಉದ್ದ 22 ಸೆಂಟಿಮೀಟರ್, ಅಗಲ ಹನ್ನೆರಡೂವರೆ, ಎತ್ತರ 5 ಎಂದು ಬಂದಿತು. ಆ ಅಳತೆಗೆ ಮೇಲಿನ ನೋಟ, ಪಕ್ಕದ ನೋಟ, ಮುಂದಿನ ನೋಟಗಳನ್ನು ಕಾಗದದ ಮೇಲೆ ಬರೆದು, ರಟ್ಟಿನಲ್ಲಿ ಕತ್ತರಿಸಿಕೊಂಡೆವು. ತೆಂಗಿನ ಮರ ನಾರುನಾರಾದುದು. ಸಣ್ಣ ಕೆತ್ತನೆಗೆ ಒಗ್ಗದು. ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಹಾಲೆಮರದ ತುಂಡೊಂದನ್ನು ಊರಿನ ಬಡಗಿಯವರು ಕೊಟ್ಟರು. ಅದನ್ನು ಉಳಿಯಿಂದ ಒರಟಾಗಿ ಕೆತ್ತಿ, ಅರದಿಂದ ಉಜ್ಜಿ, ಹೆಜ್ಜೆಹೆಜ್ಜೆಗೂ ರಟ್ಟನ್ನು ಹಿಡಿದು ನೋಡಿ, ಕೊನೆಗೆ ಉಪ್ಪುಕಾಗದದಿಂದ ನಯಗೊಳಿಸಿದೆವು. ಚೂಪಾದ ಮೂತಿ, ಎರಡು ಪಕ್ಕಗಳಲ್ಲಿ ಗಾಳಿಯನ್ನು ಸೆಳೆದುಕೊಳ್ಳುವ ಬಾಯಿಗಳು, ಹಿಂದಕ್ಕೆ ಓರೆಯಾಗಿ ಚಾಚಿದ ರೆಕ್ಕೆಗಳು, ಬಾಲದ ಬುಡದಲ್ಲಿ ಎರಡು ಎಂಜಿನ್‌ಗಳ ಹೊಗೆಬಾಯಿಗಳು ಒಂದೊಂದಾಗಿ ಮರದಿಂದ ಹೊರಬಂದವು.

ಸರೇಸಿನಿಂದ ರೆಕ್ಕೆಗಳನ್ನು ಕೂಡಿಸಿ ಒಂದು ದಿನ ಮುಟ್ಟದೆ ಬಿಟ್ಟೆವು. ಮರುದಿನ ನೋಡಿದರೆ ಎಡದ ರೆಕ್ಕೆಯ ಬುಡ ಬಲದ ರೆಕ್ಕೆಯದಕ್ಕಿಂತ ಕೊಂಚ ಮೇಲಿತ್ತು.

“ಎರಡೇ ಮಿಲಿಮೀಟರ್ ಮಾವ. ಬಣ್ಣ ಬಳಿದರೆ ಯಾರಿಗೂ ಕಾಣುವುದಿಲ್ಲ” ಎಂದ ಹುಡುಗ.

“ಎರಡನ್ನು ಎಪ್ಪತ್ತೆರಡರಿಂದ ಗುಣಿಸು” ಎಂದೆ.

ಅವನು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದ. 144 ಮಿಲಿಮೀಟರ್, ಅರ್ಧ ಗೇಣಿಗೂ ಮಿಗಿಲು. “ಅಂಥ ವಿಮಾನದಲ್ಲಿ ಚಾಲಕ ಕುಳಿತರೆ ಏನಾದೀತು?” ಎಂದು ಕೇಳಿದೆ. ಅವನು ಉತ್ತರ ಹೇಳಲಿಲ್ಲ. ಬಿಸಿನೀರಿನ ಬಟ್ಟೆಯಿಂದ ಸರೇಸನ್ನು ಮೆತ್ತಗಾಗಿಸಿ, ರೆಕ್ಕೆಯನ್ನು ಬಿಡಿಸಿ, ಮತ್ತೆ ಅರವನ್ನು ಕೈಗೆತ್ತಿಕೊಂಡ.

ಬಣ್ಣದ ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು. ಸಂದುಗಳಿಗೆ ಸರೇಸಿನಲ್ಲಿ ಕಲಸಿದ ಮರದ ಪುಡಿಯನ್ನು ತುಂಬಿ, ಮೊದಲು ತೆಳುವಾದ ಬಿಳಿಯ ಬಣ್ಣವನ್ನು ಬಳಿದೆವು. ಬಣ್ಣ ತಪ್ಪನ್ನು ಮುಚ್ಚುವುದೆಂಬುದು ನಮ್ಮ ಭ್ರಮೆ. ಕಿಟಕಿಯ ಬೆಳಕಿಗೆ ಹಿಡಿದಾಗ ಮರದಲ್ಲಿ ಕಾಣದಿದ್ದ ಗೀರುಗಳೆಲ್ಲ ಬಣ್ಣದ ಮೇಲೆ ಎದ್ದು ಕಂಡವು. ಅವನ್ನು ಉಜ್ಜಿ ಮತ್ತೆ ಬಳಿದು, ಒಣಗಿದ ಮೇಲೆ ಹಸಿರು ಮತ್ತು ಬೂದು ಬಣ್ಣದ ಪಟ್ಟೆಗಳನ್ನು ಹಾಕಿದೆವು. ಶತ್ರುವಿನ ಕಣ್ಣಿಗೆ ವಿಮಾನ ನೆಲದೊಡನೆ ಬೆರೆತು ತೋರಲೆಂದು ಹಾಕುವ ಬಣ್ಣವಿದು. ಕೊನೆಯಲ್ಲಿ ವಾಯುಪಡೆಯ ಗುರುತು: ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು ವೃತ್ತ.

ಪೀಠದ ಮೇಲೆ ಹುಡುಗ “ಧ್ವನಿಯ ಎರಡು ಪಟ್ಟು ವೇಗದ ವಿಮಾನ” ಎಂದು ಬರೆಯಹೊರಟ. ಮಾರುತದಿಂದ ಬಯಸಿದ್ದ ವೇಗ ಅದೇ. ಆದರೆ ಅದಕ್ಕೆ ಬೇಕಾಗಿದ್ದ ಬಲವಾದ ಎಂಜಿನ್ ದೊರೆಯಲಿಲ್ಲ. ಅದಕ್ಕಿಂತ ಕಡಿಮೆ ಶಕ್ತಿಯ ಎರಡು ಆರ್ಫಿಯಸ್ ಎಂಜಿನ್‌ಗಳನ್ನೇ ಜೋಡಿಸಬೇಕಾಯಿತು. ಒಡಲು ಹೆಚ್ಚಿನ ವೇಗಕ್ಕೆ ಸಿದ್ಧವಿದ್ದರೂ ಧ್ವನಿಯ ವೇಗದ ಹೊಸ್ತಿಲಿನಲ್ಲಿಯೇ ಅದು ನಿಲ್ಲಬೇಕಾಯಿತು. ಶಕ್ತಿಯನ್ನು ಹೆಚ್ಚಿಸುವ ಪ್ರಯತ್ನಗಳು ನಡೆದವು. ಅಂಥದೊಂದು ಮಾರುತವನ್ನು ಪರೀಕ್ಷಿಸುವಾಗ, 1970ರ ಜನವರಿ 10ರಂದು, ಸುರಂಜನ್ ದಾಸ್ ಅವರು ಅಪಘಾತದಲ್ಲಿ ಮಡಿದರು. ಬೆಂಗಳೂರಿನ ರಸ್ತೆಯೊಂದಕ್ಕೆ ಇಂದಿಗೂ ಅವರ ಹೆಸರಿದೆ. ಆದರೂ ಒಟ್ಟು 147 ಮಾರುತಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೋರಾಡಿದವು. 1990ರ ವೇಳೆಗೆ ಸೇವೆಯಿಂದ ನಿವೃತ್ತವಾದವು.

ಇದನ್ನೆಲ್ಲ ಕೇಳಿದ ಹುಡುಗ ಪೀಠದ ಮೇಲೆ ಬರೆದದ್ದು ಇಷ್ಟೇ: “ಮಾರುತ. ಬೆಂಗಳೂರು, 1961. ಮೊದಲು ಹಾರಿಸಿದವರು ಸುರಂಜನ್ ದಾಸ್.”

ಮುಂದಿನ ರಜೆಯಲ್ಲಿ ಅವನನ್ನು ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದೆ. ಅಲ್ಲಿ ನಿಜವಾದ ಮಾರುತ ನಿಂತಿದೆ. ಉಳಿದ ಮಕ್ಕಳು ಅದರ ಮೂತಿಯನ್ನು ನೋಡುತ್ತಿದ್ದರು. ನಮ್ಮ ಹುಡುಗ ನೇರವಾಗಿ ಪಕ್ಕಕ್ಕೆ ಹೋಗಿ, ರೆಕ್ಕೆ ಒಡಲನ್ನು ಸೇರುವ ಜಾಗವನ್ನೇ ಬಹಳ ಹೊತ್ತು ನೋಡಿದ.

“ಎರಡೂ ಕಡೆ ಸಮನಾಗಿದೆ ಮಾವ” ಎಂದ.